ಅಂಬಾಸಡರ್ ಬ್ಲಾಕಿನೊಳಗೆ ಹೂಳು: ಆಮ್ಲ ಸುರಿದರೆ ಸಾಕೇ, ಪ್ಲಗ್ ಬಿಚ್ಚಲೇಬೇಕೇ?

ನಾಪೋಕ್ಲು ತೋಟದವ:
ತಂದೆಯವರ ಕಾಲದ 1972ರ ಅಂಬಾಸಡರ್ ಮಾರ್ಕ್ 2 ನಮ್ಮ ಶೆಡ್ಡಿನಲ್ಲಿದೆ. 1489 ಸಿಸಿಯ ಪೆಟ್ರೋಲ್ ಎಂಜಿನ್. ಬ್ಲಾಕೂ (ಸಿಲಿಂಡರುಗಳಿರುವ, ಅವುಗಳ ಸುತ್ತ ನೀರು ಹರಿಯುವ ಒಡಲು) ಅದರ ಮೇಲೆ ಕೂರುವ ಹೆಡ್ಡೂ ಬೀಡುಕಬ್ಬಿಣದವು. ತಂದೆಯವರು ತೀರಿಕೊಂಡ ಮೇಲೆ ಎಂಟು ಮಳೆಗಾಲ ಅದು ನಿಂತಲ್ಲೇ ನಿಂತಿತ್ತು. ಈ ವರ್ಷ ಕಾಫಿ ಕೊಯ್ಲು ಮುಗಿದ ಬಳಿಕ ಕಾರ್ಬ್ಯುರೇಟರ್, ಬ್ರೇಕ್, ವೈರಿಂಗ್ ಎಲ್ಲವನ್ನೂ ಸರಿಪಡಿಸಿ ರಸ್ತೆಗೆ ಇಳಿಸಿದೆ. ಮೂರ್ನಾಡಿನವರೆಗೆ ಹೋಗಿಬರಲು ಯಾವ ತಕರಾರೂ ಇಲ್ಲ. ಆದರೆ ಸುಳ್ಯದಿಂದ ಹಿಂದಿರುಗುವಾಗ, ಸಂಪಾಜೆ ದಾಟಿ ಕೊಯನಾಡಿನ ಏರು ಶುರುವಾಗುತ್ತಿದ್ದಂತೆ ಬಿಸಿಯ ಮುಳ್ಳು ಮೇಲೇಳತೊಡಗುತ್ತದೆ. ಜೋಡುಪಾಲದ ಹೊತ್ತಿಗೆ ಗಾಡಿ ನಿಲ್ಲಿಸಿ ಬಾನೆಟ್ ಎತ್ತದೆ ಗತಿಯಿಲ್ಲ.

ರೇಡಿಯೇಟರನ್ನು ಬಿಚ್ಚಿಸಿ ಕೊಳವೆಗಳಿಗೆ ಕಡ್ಡಿ ಹೊಡೆಸಿದ್ದಾಯಿತು. ಹೊಸ ಥರ್ಮೋಸ್ಟಾಟ್ (ನೀರು ಬಿಸಿಯಾದ ಮೇಲಷ್ಟೇ ತೆರೆಯುವ ಕವಾಟ), ಹೊಸ ವಾಟರ್ ಪಂಪ್, ಹೊಸ ಫ್ಯಾನ್ ಬೆಲ್ಟ್ ಹಾಕಿದ್ದಾಯಿತು. ಏನೂ ಬದಲಾಗಲಿಲ್ಲ. ಕೊನೆಗೆ ಮೊನ್ನೆ ಬ್ಲಾಕಿನ ಪಕ್ಕದಲ್ಲಿರುವ ಡ್ರೈನ್ ಕಾಕ್ ತಿರುಗಿಸಿದರೆ ಒಂದು ಹನಿಯೂ ಬರಲಿಲ್ಲ. ಕಾಕನ್ನೇ ಪೂರ್ತಿ ಬಿಚ್ಚಿದೆ, ಆಗಲೂ ಬರಲಿಲ್ಲ. ಸೈಕಲ್ ಕಡ್ಡಿಯಿಂದ ತಿವಿದಾಗ ಮೊದಲು ಕಾಫಿ ಗಸಿಯಂತಹ ಕೆಸರು ಜಾರಿತು, ಆಮೇಲೆ ಇಟ್ಟಿಗೆ ಬಣ್ಣದ ನೀರು ನೂಲಿನಂತೆ ಇಳಿಯಿತು.

ಒಬ್ಬ ಮೆಕ್ಯಾನಿಕ್ ಕಕ್ಕಸು ತೊಳೆಯುವ ಆಸಿಡ್ಡನ್ನು ಒಂದು ಗಂಟೆ ತುಂಬಿಡಿ ಎನ್ನುತ್ತಾರೆ. ಇನ್ನೊಬ್ಬರು ಎಂಜಿನ್ನನ್ನೇ ಇಳಿಸಬೇಕು ಎನ್ನುತ್ತಾರೆ. ಇವೆರಡರ ನಡುವೆ ಬೇರೆ ದಾರಿ ಇದೆಯೇ? ಅನುಭವ ಇರುವವರು ದಯವಿಟ್ಟು ತಿಳಿಸಿ.

ಬೆಂಗಳೂರು ಸೇರಿದ ಕೊಡಗಿನವ:
ಇದಕ್ಕೆ ಇಷ್ಟು ಚಿಂತೆ ಏಕೆ? ಬಿಡಿಭಾಗಗಳ ಅಂಗಡಿಯಲ್ಲಿ ರೇಡಿಯೇಟರ್ ಫ್ಲಶ್ ಎಂಬ ಬಾಟಲಿ ಸಿಗುತ್ತದೆ. ಸುರಿದು ಅರ್ಧ ಗಂಟೆ ಎಂಜಿನ್ ಓಡಿಸಿ, ಚೆಲ್ಲಿ, ಕೂಲಂಟ್ ತುಂಬಿಸಿ. ನನ್ನ ಕಾರಿಗೆ ಹೀಗೆಯೇ ಮಾಡಿದ್ದೇನೆ.

ಹಳೇ ಸ್ಪ್ಯಾನರ್, ಸುಂಟಿಕೊಪ್ಪ:
ನಿಮ್ಮ ಕಾರಿಗೆ ಎಷ್ಟು ವಯಸ್ಸು ಎಂದು ಹೇಳಿದರೆ ಉಪಕಾರವಾಗುತ್ತದೆ. ಐದಾರು ವರ್ಷದ ಗಾಡಿಗೂ ಐವತ್ತು ವರ್ಷ ಬರೀ ಹಳ್ಳದ ನೀರು ಕುಡಿದ ಗಾಡಿಗೂ ಒಂದೇ ಔಷಧಿ ಸಾಲದು.

ತೋಟದವರೇ, ಮೊದಲು ಆ ಕಕ್ಕಸಿನ ಆಸಿಡ್ಡನ್ನು ಶೆಡ್ಡಿನಿಂದ ಆಚೆ ಇಡಿ. ಅದು ತುಕ್ಕು ಯಾವುದು, ಒಳ್ಳೆಯ ಕಬ್ಬಿಣ ಯಾವುದು ಎಂದು ನೋಡುವುದಿಲ್ಲ, ಎರಡನ್ನೂ ತಿನ್ನುತ್ತದೆ. ಮೊದಲೇ ತೆಳುವಾಗಿರುವ ಡಮ್ಮಿ ಪ್ಲಗ್ಗುಗಳನ್ನು, ಅಂದರೆ ಬ್ಲಾಕಿನ ರಂಧ್ರಗಳನ್ನು ಮುಚ್ಚುವ ಲೋಹದ ಬಿಲ್ಲೆಗಳನ್ನು, ತೂತು ಮಾಡುತ್ತದೆ, ಅಲ್ಯೂಮಿನಿಯಂ ಭಾಗ ಸಿಕ್ಕರೆ ನೊರೆಯೆಬ್ಬಿಸಿ ಕರಗಿಸುತ್ತದೆ, ಗ್ಯಾಸ್ಕೆಟ್ಟಿನ ಅಂಚನ್ನೂ ಬಿಡುವುದಿಲ್ಲ.

ಇನ್ನು ಹೂಳಿನ ಮಾತು. ಈ ಎಂಜಿನ್ನಿನಲ್ಲಿ ಪಂಪ್ ಇರುವುದು ಮುಂದೆ, ಥರ್ಮೋಸ್ಟಾಟ್ ಇರುವುದೂ ಮುಂದೆ. ನೀರು ಮುಂದಿನಿಂದ ಒಳಹೊಕ್ಕು, ಬ್ಲಾಕಿನಿಂದ ಹೆಡ್ಡಿಗೆ ಏರಿ, ಮತ್ತೆ ಮುಂದಿನಿಂದಲೇ ಹೊರಗೆ ಬರುತ್ತದೆ. ನಾಲ್ಕನೆಯ ಸಿಲಿಂಡರಿನ ತಳ ಈ ಹರಿವಿನ ಕಟ್ಟಕಡೆಯ ಮೂಲೆ. ಹೊಳೆ ತಿರುಗುವಲ್ಲಿ ಒಳಗಿನ ದಡಕ್ಕೆ ಮರಳು ಕೂರುವ ಹಾಗೆ, ನೀರಿನ ವೇಗ ಕಡಿಮೆಯಾಗುವ ಅಲ್ಲಿ ತುಕ್ಕಿನ ಪುಡಿಯೆಲ್ಲ ಕೂರುತ್ತದೆ. ಬಾಟಲಿಯ ದ್ರಾವಣ ಹರಿವು ಇದ್ದ ಕಡೆಗೆ ಹೋಗುತ್ತದೆಯೇ ಹೊರತು, ಹರಿವೇ ಸತ್ತಿರುವ ಮೂಲೆಗೆ ಹೋಗುವುದಿಲ್ಲ. ಅಲ್ಲಿರುವುದನ್ನು ಕೈಯಿಂದಲೇ ಕೆರೆದು ತೆಗೆಯಬೇಕು. ಅದಕ್ಕೆ ಪಕ್ಕದ ಡಮ್ಮಿ ಪ್ಲಗ್ಗುಗಳನ್ನು ಬಿಚ್ಚಬೇಕು. ಎಂಜಿನ್ ಇಳಿಸುವ ಅಗತ್ಯ ಸದ್ಯಕ್ಕಿಲ್ಲ.

ಮಂದಲಪಟ್ಟಿ ಡ್ರೈವರ್:
ಹೂಳು ಇರುವುದು ನಿಜವಿರಬಹುದು, ಆದರೆ ಬಿಸಿಗೆ ಅದೊಂದೇ ಕಾರಣ ಎಂದು ತೀರ್ಮಾನಿಸುವ ಮೊದಲು ಮೂರು ವಿಷಯ ನೋಡಿಕೊಳ್ಳಿ. ಎಂಜಿನ್ ಓಡುವಾಗ ರೇಡಿಯೇಟರ್ ಬಾಯಿಯಲ್ಲಿ ಗುಳ್ಳೆ ನಿಲ್ಲದೆ ಬರುತ್ತಿದ್ದರೆ ಬ್ಲಾಕಿಗೂ ಹೆಡ್ಡಿಗೂ ನಡುವಿನ ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದರ್ಥ. ಟೈಮಿಂಗ್ ಹಿಂದೆ ಬಿದ್ದು ಕಿಡಿ ತಡವಾಗಿ ಹೊತ್ತುತ್ತಿದ್ದರೂ ಏರಿನಲ್ಲಿ ಹೀಗೆಯೇ ಕಾಯುತ್ತದೆ. ಇನ್ನೊಂದು, ಕೆಳಗಿನ ಹೋಸ್ ಹಳೆಯದಾಗಿ ಮೆತ್ತಗಾಗಿದ್ದರೆ, ಎಂಜಿನ್ ವೇಗ ಹೆಚ್ಚಿದಾಗ ಪಂಪಿನ ಎಳೆತಕ್ಕೆ ಚಪ್ಪಟೆಯಾಗಿ ನೀರು ನಿಂತುಹೋಗುತ್ತದೆ. ಗಾಡಿ ನಿಲ್ಲಿಸಿ ನೋಡುವಷ್ಟರಲ್ಲಿ ಅದು ಮತ್ತೆ ದುಂಡಗಾಗಿರುತ್ತದೆ. ನಾನು ಇದನ್ನು ಕಂಡುಹಿಡಿಯಲು ಒಂದು ಸೀಸನ್ ಪೂರ್ತಿ ಕಳೆದಿದ್ದೇನೆ.

ನಮ್ಮ ಜೀಪುಗಳಲ್ಲಿ ಥರ್ಮೋಸ್ಟಾಟನ್ನೇ ತೆಗೆದುಬಿಡುತ್ತೇವೆ. ಅದನ್ನೂ ಮಾಡಿ ನೋಡಬಹುದು.

ನಾಪೋಕ್ಲು ತೋಟದವ:
ಗುಳ್ಳೆ ಇಲ್ಲ, ಆಯಿಲ್‌ನಲ್ಲಿ ನೀರಿನ ಅಂಶವೂ ಇಲ್ಲ. ಟೈಮಿಂಗ್ ಲೈಟ್ ಹಾಕಿಸಿ ನೋಡಿದ್ದೇನೆ, ಸರಿಯಾಗಿದೆ. ಹೋಸುಗಳೆರಡೂ ಹೊಸವು. ಪರಿಚಯದವರ ಗ್ಯಾರೇಜಿನಿಂದ ಶಾಖ ಅಳೆಯುವ ಗನ್ ತಂದು ಬಿಸಿ ಎಂಜಿನ್ನಿಗೆ ಹಿಡಿದಾಗ, ಮೊದಲ ಸಿಲಿಂಡರಿನ ಪಕ್ಕಕ್ಕಿಂತ ನಾಲ್ಕನೆಯದರ ಪಕ್ಕ ಸುಮಾರು 20 ಡಿಗ್ರಿ ಹೆಚ್ಚು ತೋರಿಸಿತು.

ಹಳೇ ಸ್ಪ್ಯಾನರ್, ಸುಂಟಿಕೊಪ್ಪ:
ಹಾಗಾದರೆ ರೋಗ ಎಲ್ಲಿದೆ ಎಂದು ಗನ್ನೇ ಹೇಳಿತು.

ಡ್ರೈವರ್ ತಮ್ಮ, ಥರ್ಮೋಸ್ಟಾಟ್ ತೆಗೆಯುವ ಅಭ್ಯಾಸವನ್ನು ಮಾತ್ರ ಇವರಿಗೆ ಹೇಳಿಕೊಡಬೇಡಿ. ತೊಳೆಯುವಾಗ ತೆಗೆಯಬೇಕು, ಇಲ್ಲವಾದರೆ ಅದು ಮುಚ್ಚಿಕೊಂಡೇ ಇರುತ್ತದೆ, ನೀರು ದಾಟುವುದಿಲ್ಲ. ತೊಳೆದಾದ ಮೇಲೆ ಮರಳಿ ಹಾಕಲೇಬೇಕು. ಮಡಿಕೇರಿಯ ಚಳಿಯಲ್ಲಿ ಥರ್ಮೋಸ್ಟಾಟ್ ಇಲ್ಲದ ಎಂಜಿನ್ ಬೆಳಗಿನ ಹತ್ತು ಕಿಲೋಮೀಟರ್ ತಣ್ಣಗೇ ಓಡುತ್ತದೆ. ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಉರಿಯದ ಪೆಟ್ರೋಲ್ ಸಿಲಿಂಡರ್ ಗೋಡೆಯ ಎಣ್ಣೆಯನ್ನು ತೊಳೆಯುತ್ತದೆ, ಪಿಸ್ಟನ್ ರಿಂಗ್ ಬೇಗ ಸವೆಯುತ್ತದೆ.

ಮಂದಲಪಟ್ಟಿ ಡ್ರೈವರ್:
ಅಣ್ಣ, ನಮ್ಮ ಗಾಡಿಗಳು ಹತ್ತಿದರೆ ಮೊದಲ ಗೇರ್, ಇಳಿದರೆ ಎರಡನೆಯ ಗೇರ್. ತಣ್ಣಗಿರಲು ಅವಕ್ಕೆ ಪುರುಸೊತ್ತೇ ಇಲ್ಲ. ಆದರೂ ನಿಮ್ಮ ಮಾತಿಗೆ ಎದುರಾಡುವುದಿಲ್ಲ.

ರಸಾಯನ ಮೇಷ್ಟ್ರು, ವಿರಾಜಪೇಟೆ:
ನಾನು ಮೆಕ್ಯಾನಿಕ್ ಅಲ್ಲ. ಮೂವತ್ತು ವರ್ಷ ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಟ್ಟವನು, ಮನೆಯಲ್ಲಿ ಒಂದು ಹಳೆಯ ಪದ್ಮಿನಿ ಕಾರು ಇಟ್ಟುಕೊಂಡವನು. ಆಮ್ಲ ಎಂದ ಕೂಡಲೇ ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕುವುದು ಸರಿಯಲ್ಲ ಎಂದು ಹೇಳಬೇಕೆನಿಸಿತು.

ಕಬ್ಬಿಣ, ನೀರು ಮತ್ತು ನೀರಿನಲ್ಲಿ ಕರಗಿದ ಆಮ್ಲಜನಕ ಸೇರಿದಾಗ ತುಕ್ಕು ಹುಟ್ಟುತ್ತದೆ. ಮೇಲೆ ಕಾಣುವ ಕೆಂಪು ಪದರ ಸಡಿಲವಾದದ್ದು. ಅದರ ಅಡಿಯಲ್ಲಿ, ಕಬ್ಬಿಣಕ್ಕೆ ಅಂಟಿಕೊಂಡಂತೆ, ಕಪ್ಪಾದ ಗಟ್ಟಿ ಪದರ ಇರುತ್ತದೆ. ಯಾವ ಕಬ್ಬಿಣದಿಂದ ತುಕ್ಕು ಹುಟ್ಟಿತೋ ಅದಕ್ಕಿಂತ ಹೆಚ್ಚು ಜಾಗವನ್ನು ಅದು ಆಕ್ರಮಿಸುತ್ತದೆ. ಶಾಖವನ್ನಂತೂ ಕಬ್ಬಿಣದಷ್ಟು ಸುಲಭವಾಗಿ ದಾಟಿಸುವುದೇ ಇಲ್ಲ. ಆದ್ದರಿಂದ ಎರಡು ಕಡೆಯಿಂದ ಏಟು: ದಾರಿ ಕಿರಿದಾಗುತ್ತದೆ, ಗೋಡೆಗೆ ಕಂಬಳಿ ಹೊದಿಸಿದಂತೆಯೂ ಆಗುತ್ತದೆ.

ಸಿಟ್ರಿಕ್ ಆಮ್ಲ, ಅಂದರೆ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಸಿಗುವ ಹರಳು, ಇಲ್ಲಿ ಬಳಸಬಹುದಾದ ಸೌಮ್ಯ ಆಮ್ಲ. ಅದು ತುಕ್ಕನ್ನು ಕರಗಿಸುವುದಷ್ಟೇ ಅಲ್ಲ, ಬಿಡಿಸಿದ ಕಬ್ಬಿಣದ ಅಯಾನನ್ನು ಹಿಡಿದಿಟ್ಟುಕೊಳ್ಳುತ್ತದೆ. ದೊಡ್ಡ ವಿದ್ಯುತ್ ಸ್ಥಾವರಗಳ ಬಾಯ್ಲರ್ ಕೊಳವೆಗಳನ್ನು ತೊಳೆಯಲೂ ಅಮೋನಿಯ ಬೆರೆಸಿದ ಸಿಟ್ರಿಕ್ ಆಮ್ಲವನ್ನು ಬಳಸುವ ಪದ್ಧತಿ ಇದೆ. ನಮ್ಮ ಕೆಲಸಕ್ಕೆ ಶೇಕಡಾ 5ರ ದ್ರಾವಣ ಸಾಕು, ಅಂದರೆ 10 ಲೀಟರ್ ನೀರಿಗೆ ಅರ್ಧ ಕಿಲೋ. 50-60 ಡಿಗ್ರಿ ಬಿಸಿಯಿದ್ದರೆ ತಣ್ಣೀರಿಗಿಂತ ಬಹಳ ಚುರುಕಾಗಿ ಕೆಲಸ ಮಾಡುತ್ತದೆ. ಮೂರು ನಾಲ್ಕು ಗಂಟೆಗೆ ಒಮ್ಮೆ ಚೆಲ್ಲಿ ಹೊಸದನ್ನು ಹಾಕಬೇಕು. ಒಂದೇ ದ್ರಾವಣವನ್ನು ರಾತ್ರಿಯಿಡೀ ಬಿಟ್ಟರೆ, ತುಕ್ಕು ಮುಗಿದ ಜಾಗಗಳಲ್ಲಿ ಅದು ಕಬ್ಬಿಣವನ್ನೇ ಮುಟ್ಟತೊಡಗುತ್ತದೆ. ಆಗ ಹೈಡ್ರೋಜನ್ ಗುಳ್ಳೆ ಏಳುತ್ತದೆ. ಎಂಜಿನ್ನಿನ ಬಾಯಿ ಮುಚ್ಚಬೇಡಿ, ಹತ್ತಿರ ನಿಂತು ಬೀಡಿ ಹಚ್ಚಬೇಡಿ.

ಸೋಮವಾರಪೇಟೆ ಅಕ್ಕ:
ಮೇಷ್ಟ್ರೇ, ನಿಂಬೆ ಉಪ್ಪು ಆಗುವುದಾದರೆ ನಾವು ಅಡುಗೆಗೆ ಹಾಕುವ ಕಪ್ಪು ಹುಳಿ, ನಮ್ಮ ಕಾಚಂಪುಳಿ ಏಕೆ ಆಗಬಾರದು? ಕಬ್ಬಿಣದ ಬಾಣಲೆಗೆ ಒಂದು ಚಮಚ ತಾಗಿದರೂ ಬೆಳ್ಳಗಾಗುತ್ತದೆ. ನಗಬೇಡಿ, ನಿಜವಾಗಿಯೇ ಕೇಳುತ್ತಿದ್ದೇನೆ.

ರಸಾಯನ ಮೇಷ್ಟ್ರು, ವಿರಾಜಪೇಟೆ:
ನಗುವ ಪ್ರಶ್ನೆಯಲ್ಲ ಅಕ್ಕ. ಕಾಚಂಪುಳಿಯ ಮುಖ್ಯ ಆಮ್ಲ ಹೈಡ್ರಾಕ್ಸಿಸಿಟ್ರಿಕ್ ಆಮ್ಲ. ಸಿಟ್ರಿಕ್ ಆಮ್ಲಕ್ಕೆ ಅದು ಹತ್ತಿರದ ನೆಂಟ. ತುಕ್ಕನ್ನು ಖಂಡಿತ ಬಿಡಿಸುತ್ತದೆ. ಆದರೆ ಹಣ್ಣಿನ ರಸವನ್ನು ಕಪ್ಪಾಗುವವರೆಗೆ ಕುದಿಸಿ ಬತ್ತಿಸಿದ್ದರಿಂದ, ಅದರಲ್ಲಿ ಆಮ್ಲದ ಜೊತೆಗೆ ಹಣ್ಣಿನ ಇತರ ಅಂಶಗಳೂ ಅಂಟಾಗಿ ಉಳಿದಿರುತ್ತವೆ. ಹೂಳು ತೆಗೆಯಲು ಹೋಗಿ ಒಳಗೆ ಇನ್ನೊಂದು ಬಗೆಯ ಹೂಳು ಕೂರಿಸಿದಂತಾಗುತ್ತದೆ.

ಪೊನ್ನಂಪೇಟೆ ಪ್ಲಾಂಟರ್:
ಅದಲ್ಲದೆ 10 ಲೀಟರ್ ಕಾಚಂಪುಳಿಯನ್ನು ಎಂಜಿನ್ನಿಗೆ ಸುರಿದೆ ಎಂದು ಮನೆಯಲ್ಲಿ ಹೇಳುವ ಧೈರ್ಯ ಯಾರಿಗಿದೆ? ಹಂದಿ ಕರಿಗೆ ಇಟ್ಟದ್ದನ್ನು ಮುಟ್ಟಬೇಡಿ.

ಒಳಗೆ ಕೂರುವ ವಸ್ತುಗಳ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಎಲ್ಲವೂ ತುಕ್ಕೇ ಆಗಿರುವುದಿಲ್ಲ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ನಮ್ಮ ಹಳೆಯ ಪಲ್ಪರ್ ಎಂಜಿನ್ನಿನ ನೀರಿನ ತೊಟ್ಟಿಯನ್ನು ಬಿಚ್ಚಿದಾಗ ತಳದಲ್ಲಿ ಹಳದಿ ಮಣ್ಣಿನಂತಹದ್ದು ಗಟ್ಟಿಯಾಗಿ ಕೂತಿತ್ತು. ವಿಚಾರಿಸಿದರೆ, ಸೋರಿಕೆ ನಿಲ್ಲಿಸಲೆಂದು ತೋಟದ ಹಿಂದಿನ ರೈಟರ್ (ಗುಮಾಸ್ತರು) ವರ್ಷ ವರ್ಷವೂ ಅರಶಿನ ಪುಡಿ ಸುರಿಯುತ್ತಿದ್ದರಂತೆ. ಅರಶಿನ ಸಣ್ಣ ತೂತನ್ನು ಮುಚ್ಚುವುದು ನಿಜ, ಆದರೆ ಉಳಿದದ್ದೆಲ್ಲ ಎಲ್ಲಿಗೆ ಹೋಗಬೇಕು? ಅಂಗಡಿಯಲ್ಲಿ ಸಿಗುವ ಸೋರಿಕೆ ನಿಲ್ಲಿಸುವ ಪುಡಿಗಳದ್ದೂ ಇದೇ ಕತೆ. ಅಂತಹ ಗಸಿಗೆ ಸಿಟ್ರಿಕ್ ಆಮ್ಲ ಏನನ್ನೂ ಮಾಡದು. ಕೆಲವು ಬ್ಲಾಕುಗಳಲ್ಲಿ ಎರಕದ ಕಾಲದ ಮರಳು ಕೂಡ ಉಳಿದಿರುತ್ತದೆ.

ಹಳೇ ಸ್ಪ್ಯಾನರ್, ಸುಂಟಿಕೊಪ್ಪ:
ನಾನು ಹೇಳಬೇಕಾದದ್ದನ್ನು ಪ್ಲಾಂಟರ್ ಹೇಳಿದರು. ಮೇಷ್ಟ್ರ ಲೆಕ್ಕ ತಪ್ಪಲ್ಲ, ಕ್ರಮ ತಪ್ಪು. ಎರಡು ಬೆರಳು ದಪ್ಪ ಕೂತ ಕೆಸರಿನ ಮೇಲೆ ಆಮ್ಲ ಸುರಿದರೆ ಮೇಲಿನ ಕಾಲಿಂಚು ಕರಗುತ್ತದೆ, ಆಮ್ಲದ ಶಕ್ತಿಯೆಲ್ಲ ಅಲ್ಲೇ ಮುಗಿಯುತ್ತದೆ. ಜೊತೆಗೆ ಬೇರೆ ಕಡೆಯಿಂದ ಬಿಡಿಸಿಕೊಂಡ ಚಕ್ಕೆಗಳು ಬಂದು ಅದೇ ಮೂಲೆಗೆ ಕೂರುತ್ತವೆ. ಮೊದಲು ಪ್ಲಗ್ ಬಿಚ್ಚಿ ಕೆರೆಯಬೇಕು, ನೀರು ಹೊಡೆಯಬೇಕು, ಮತ್ತೆ ಕೆರೆಯಬೇಕು. ಕೈಗೆ ಬರುವುದೆಲ್ಲ ಬಂದಾದ ಮೇಲೆ ಗೋಡೆಗೆ ಅಂಟಿದ ಪದರಕ್ಕೆ ಮಾತ್ರ ಆಮ್ಲ.

ರಸಾಯನ ಮೇಷ್ಟ್ರು, ವಿರಾಜಪೇಟೆ:
ಕ್ರಮದ ವಿಷಯದಲ್ಲಿ ನಾನು ಸೋತೆ. ಆದರೆ ಆಮ್ಲವನ್ನು ಬಿಟ್ಟೇಬಿಡಬಹುದು ಎಂದು ಯಾರಾದರೂ ಹೇಳಿದರೆ ಒಪ್ಪುವುದಿಲ್ಲ. ಹೆಡ್ಡಿನೊಳಗೆ, ಎಕ್ಸಾಸ್ಟ್ ವಾಲ್ವಿನ ಸುತ್ತಲಿನ ಸಂದುಗಳಿಗೆ ನಿಮ್ಮ ಯಾವ ಕಡ್ಡಿ ತಲುಪುತ್ತದೆ? ಅತಿ ಹೆಚ್ಚು ಬಿಸಿಯಾಗುವುದೂ ಅಲ್ಲೇ.

ಹಳೇ ಸ್ಪ್ಯಾನರ್, ಸುಂಟಿಕೊಪ್ಪ:
ಅದು ಸರಿ. ಅದನ್ನು ನಾನೂ ಒಪ್ಪುತ್ತೇನೆ.

ನಾಪೋಕ್ಲು ತೋಟದವ:
ಪ್ಲಗ್ ಬಿಚ್ಚುವ ಬಗೆ ಹೇಗೆ, ಸ್ಪ್ಯಾನರ್ ಅಣ್ಣ? ಒಳಗೆ ಬಿದ್ದುಹೋದರೆ ಏನು ಗತಿ ಎಂಬುದೇ ನನ್ನ ಭಯ.

ಹಳೇ ಸ್ಪ್ಯಾನರ್, ಸುಂಟಿಕೊಪ್ಪ:
ಭಯ ಇರುವುದು ಒಳ್ಳೆಯದೇ. ಪ್ಲಗ್ಗಿನ ನಡುವಿಗೆ ನೇರವಾಗಿ ಹೊಡೆದರೆ ಒಳಗೆ ಬೀಳುತ್ತದೆ. ಅದರ ಹಿಂದೆ ಸ್ವಲ್ಪ ದೂರದಲ್ಲೇ ಸಿಲಿಂಡರಿನ ಗೋಡೆ ಇರುವುದರಿಂದ ಅದಕ್ಕೂ ಏಟು ಬೀಳಬಹುದು. ಒಂದು ಅಂಚಿಗೆ ಮೊಂಡು ಪಂಚ್ ಇಟ್ಟು ಮೆಲ್ಲಗೆ ತಟ್ಟಿ. ಆ ಅಂಚು ಒಳಗೆ ಹೋದಂತೆ ಎದುರಿನ ಅಂಚು ಹೊರಗೆ ಬಂದು, ಪ್ಲಗ್ ಬಾಗಿಲಿನಂತೆ ತಿರುಗಿ ನಿಲ್ಲುತ್ತದೆ. ಆಗ ಇಕ್ಕಳದಿಂದ ಹಿಡಿದು ಎಳೆಯಿರಿ. ಹೆಚ್ಚಿನವು ತುಕ್ಕು ಹಿಡಿದು ಕಾಗದದಷ್ಟು ತೆಳ್ಳಗಾಗಿರುತ್ತವೆ, ಪಂಚ್ ತಾಗಿದ ಕೂಡಲೇ ಹರಿಯುತ್ತವೆ.

ಕೆರೆಯಲು ಹಳೆಯ ಕ್ಲಚ್ ಕೇಬಲ್‌ಗಿಂತ ಒಳ್ಳೆಯ ಆಯುಧವಿಲ್ಲ. ಒಂದು ಅಡಿ ಕತ್ತರಿಸಿ, ತುದಿಯ ಎಳೆಗಳನ್ನು ಬಿಡಿಸಿ ಕುಂಚದಂತೆ ಮಾಡಿ, ಸಿಲಿಂಡರಿನ ಸುತ್ತ ಬಾಗಿಸಿ ತೂರಿಸಿ. ಡ್ರಿಲ್ಲಿಗೆ ಸಿಕ್ಕಿಸಿ ನಿಧಾನವಾಗಿಯೂ ತಿರುಗಿಸಬಹುದು, ಕಣ್ಣಿಗೆ ಕನ್ನಡಕ ಇರಲಿ. ಹಿಂದುಗಡೆ ಗೇರ್‌ಬಾಕ್ಸಿನ ಮಗ್ಗುಲಲ್ಲಿರುವ ಪ್ಲಗ್ಗಿಗೆ ಈಗ ಕೈ ಹಾಕಬೇಡಿ. ಅದಕ್ಕೆ ಗೇರ್‌ಬಾಕ್ಸ್ ಇಳಿಸಬೇಕು.

ಹೊಸ ಪ್ಲಗ್ ತರುವ ಮೊದಲು ರಂಧ್ರವನ್ನು ವರ್ನಿಯರ್‌ನಲ್ಲಿ ಅಳೆಯಿರಿ, ಹಳೆಯದನ್ನೂ ಅಂಗಡಿಗೆ ಒಯ್ಯಿರಿ. ಹಿತ್ತಾಳೆಯದು ಸಿಕ್ಕರೆ ಅದನ್ನೇ ತನ್ನಿ, ತುಕ್ಕಿನ ಚಿಂತೆ ಇರುವುದಿಲ್ಲ.

ಗೋಣಿಕೊಪ್ಪ ರೇಡಿಯೇಟರ್:
ಈ ಕೆಲಸ ಮಾಡುವಾಗ ರೇಡಿಯೇಟರ್ ಗಾಡಿಯಲ್ಲಿ ಇರಲೇಬಾರದು. ನಮ್ಮ ಅಂಗಡಿಗೆ ತಿಂಗಳಿಗೆ ಒಬ್ಬರಾದರೂ ಬಂದು, ಹೋದ ತಿಂಗಳಷ್ಟೇ ಕಡ್ಡಿ ಹೊಡೆಸಿದ ರೇಡಿಯೇಟರ್ ಮತ್ತೆ ಕಟ್ಟಿಕೊಂಡಿದೆ ಎಂದು ನಮ್ಮನ್ನೇ ಬೈಯುತ್ತಾರೆ. ಬ್ಲಾಕಿನ ಹೂಳು ಅಲುಗಿ ಬಂದು ಅದರ ಸಣ್ಣ ಕೊಳವೆಗಳಲ್ಲಿ ಸಿಕ್ಕಿಕೊಂಡಿರುತ್ತದೆ. ಆಮ್ಲವನ್ನೂ ರೇಡಿಯೇಟರಿಗೆ ಹರಿಸಬೇಡಿ, ಹಳೆಯ ಹಿತ್ತಾಳೆ ರೇಡಿಯೇಟರುಗಳ ಬೆಸುಗೆ ಸಡಿಲವಾಗುತ್ತದೆ. ಎಲ್ಲ ಮುಗಿದ ಮೇಲೆ ಮೊದಲ ನೂರು ಕಿಲೋಮೀಟರಿಗೆ ಮೇಲಿನ ಹೋಸಿನ ಬಾಯಿಗೆ ನೈಲಾನ್ ಕಾಲುಚೀಲದ ತುಂಡೊಂದನ್ನು ಜರಡಿಯಂತೆ ಕಟ್ಟಿ, ಆಗಾಗ ತೆಗೆದು ನೋಡಿ.

ಬೆಂಗಳೂರು ಸೇರಿದ ಕೊಡಗಿನವ:
ತೋಟದಲ್ಲಿ ಔಷಧಿ ಹೊಡೆಯುವ ಪವರ್ ಸ್ಪ್ರೇಯರ್ ಇದ್ದೇ ಇರುತ್ತದಲ್ಲ. ಅದರ ಒತ್ತಡದಲ್ಲಿ ನೀರು ಹೊಡೆದರೆ ಕೆರೆಯುವ ಕಷ್ಟವೇ ಇಲ್ಲ.

ಪೊನ್ನಂಪೇಟೆ ಪ್ಲಾಂಟರ್:
ಈ ಬಾರಿ ನಿಮ್ಮ ಸಲಹೆ ಒಳ್ಳೆಯದಿದೆ, ಆದರೆ ಒಂದು ಎಚ್ಚರಿಕೆ ಬೇಕು. ಅದೇ ಸ್ಪ್ರೇಯರಿನಲ್ಲಿ ಮುಂಗಾರಿಗೆ ಮೊದಲು ಕಾಫಿಗೂ ಮೆಣಸಿಗೂ ಬೋರ್ಡೋ ದ್ರಾವಣ ಹೊಡೆದಿರುತ್ತೇವೆ. ಬೋರ್ಡೋ ಎಂದರೆ ಮೈಲುತುತ್ತ ಮತ್ತು ಸುಣ್ಣ. ಮೈಲುತುತ್ತದ ಅಂಶ ಕಬ್ಬಿಣಕ್ಕೆ ತಾಗಿದರೆ ತಾಮ್ರ ಅದರ ಮೇಲೆ ಕೂರುತ್ತದೆ, ಆ ಜಾಗದ ಸುತ್ತ ತುಕ್ಕು ಇನ್ನಷ್ಟು ಬೇಗ ಹಿಡಿಯುತ್ತದೆ. ಡ್ರಮ್, ಹೋಸ್, ಗನ್ ಮೂರನ್ನೂ ಚೆನ್ನಾಗಿ ತೊಳೆಯದೆ ಬಳಸಬೇಡಿ.

ಸೋಮವಾರಪೇಟೆ ಅಕ್ಕ:
ತೊಳೆದ ನೀರನ್ನು ಎಲ್ಲಿಗೆ ಬಿಡುತ್ತೀರಿ ಎಂದು ಯಾರೂ ಹೇಳಲಿಲ್ಲ. ನಾಪೋಕ್ಲುವಿನ ತೋಡುಗಳೆಲ್ಲ ಕಾವೇರಿಗೇ ಸೇರುತ್ತವೆ. ಹಳೆಯ ಕೂಲಂಟ್ ಸಿಹಿಯಾಗಿರುತ್ತದೆ, ನಾಯಿಗಳು ನೆಕ್ಕಿ ಸಾಯುತ್ತವೆ. ನಮ್ಮ ಪಕ್ಕದ ಮನೆಯ ನಾಯಿ ಹಾಗೆಯೇ ಹೋಯಿತು.

ರಸಾಯನ ಮೇಷ್ಟ್ರು, ವಿರಾಜಪೇಟೆ:
ಅಕ್ಕ ಹೇಳಿದ್ದು ಮುಖ್ಯವಾದದ್ದು. ಕೂಲಂಟಿನ ಎಥಿಲಿನ್ ಗ್ಲೈಕಾಲ್ ವಿಷ. ಅದನ್ನು ಕ್ಯಾನಿನಲ್ಲಿ ಹಿಡಿದು ಮುಚ್ಚಿಡಬೇಕು. ಬಳಸಿದ ಸಿಟ್ರಿಕ್ ದ್ರಾವಣವನ್ನು ಡ್ರಮ್ಮಿನಲ್ಲಿ ಸೇರಿಸಿ, ತೋಟಕ್ಕೆ ತಂದ ಸುಣ್ಣವನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ ಹುಳಿ ಮುರಿದು, ತೋಡಿನಿಂದ ದೂರ ಗುಂಡಿಗೆ ಹಾಕಿ. ಆದರೆ ಸುಣ್ಣವನ್ನು ಎಂಜಿನ್ನಿನೊಳಗೆ ಮಾತ್ರ ಹಾಕಬೇಡಿ. ಅದು ಸಿಟ್ರಿಕ್ ಆಮ್ಲದೊಡನೆ ಸೇರಿ ಕರಗದ ಬಿಳಿ ಗಸಿಯಾಗಿ ಕೂರುತ್ತದೆ. ಒಳಗಿನ ಹುಳಿ ಮುರಿಯಲು ಅಡುಗೆ ಸೋಡಾ ಬಳಸಿ, ನೊರೆ ಬರುತ್ತದೆ, ಬಾಯಿ ತೆರೆದಿರಲಿ.

ಇನ್ನೊಂದು ವಿಷಯ. ಆಮ್ಲದಿಂದ ತೊಳೆದ ಕಬ್ಬಿಣ ಬೆತ್ತಲೆಯಾಗಿರುತ್ತದೆ. ಬರೀ ನೀರು ತುಂಬಿ ರಾತ್ರಿ ಬಿಟ್ಟರೆ ಬೆಳಿಗ್ಗೆ ಮತ್ತೆ ಕೆಂಪಾಗಿರುತ್ತದೆ. ಅಡುಗೆ ಸೋಡಾ ಬೆರೆಸಿದ ನೀರು, ಬಳಿಕ ಎರಡು ಸಲ ಒಳ್ಳೆಯ ನೀರು, ಆ ಕೂಡಲೇ ಕೂಲಂಟ್. ಇವೆಲ್ಲ ಒಂದೇ ದಿನದಲ್ಲಿ ಆಗಬೇಕು.

ಕುಶಾಲನಗರ ಲೈನ್:
ನಮ್ಮಲ್ಲಿ ಹಿಮ ಬೀಳುವುದಿಲ್ಲ, ನೀರು ಹೆಪ್ಪುಗಟ್ಟುವುದಿಲ್ಲ. ಕೂಲಂಟ್ ಎಂಬುದು ಅಂಗಡಿಯವರಿಗೆ ಲಾಭ ಅಷ್ಟೇ. ನನ್ನ ತಂದೆ ಜೀವನಪೂರ್ತಿ ಕೊಳವೆಬಾವಿ ನೀರು ಹಾಕಿ ಗಾಡಿ ಓಡಿಸಿದರು.

ಹಳೇ ಸ್ಪ್ಯಾನರ್, ಸುಂಟಿಕೊಪ್ಪ:
ಆ ಗಾಡಿಯ ಬ್ಲಾಕನ್ನು ಯಾರು ಬಿಚ್ಚಿದರು ಎಂದು ವಿಚಾರಿಸಿ ಹೇಳಿ.

ರಸಾಯನ ಮೇಷ್ಟ್ರು, ವಿರಾಜಪೇಟೆ:
ಹೆಪ್ಪುಗಟ್ಟುವ ಪ್ರಶ್ನೆ ಅಲ್ಲವೇ ಅಲ್ಲ. ಕೂಲಂಟಿನಲ್ಲಿ ತುಕ್ಕು ತಡೆಯುವ ರಾಸಾಯನಿಕ ಇರುತ್ತದೆ, ನಮಗೆ ಬೇಕಾದದ್ದು ಮುಖ್ಯವಾಗಿ ಅದು. ಎರಡನೆಯದು ಕುದಿಯುವ ಬಿಂದು. ಮಡಿಕೇರಿ ಸಮುದ್ರಮಟ್ಟದಿಂದ 1100 ಮೀಟರಿಗೂ ಮೇಲಿದೆ, ಅಲ್ಲಿ ತೆರೆದ ಪಾತ್ರೆಯಲ್ಲಿ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ. ಸುಳ್ಯದಲ್ಲಿ ಕುದಿಯದ ನೀರು ಘಟ್ಟದ ತಲೆಯಲ್ಲಿ ಕುದಿಯಬಹುದು. ಗ್ಲೈಕಾಲ್ ಬೆರೆತರೆ ಆ ಬಿಂದು ಮೇಲೇರುತ್ತದೆ. 7 ಪಿಎಸ್‌ಐ (ಚದರ ಇಂಚಿಗೆ 7 ಪೌಂಡ್) ಒತ್ತಡ ಹಿಡಿಯುವ ರೇಡಿಯೇಟರ್ ಮುಚ್ಚಳ ಗಟ್ಟಿಯಾಗಿದ್ದರೆ ಇನ್ನೂ 10 ಡಿಗ್ರಿಗಿಂತ ಹೆಚ್ಚು ಏರುತ್ತದೆ. ತೋಟದವರೇ, ಆ ಮುಚ್ಚಳದ ರಬ್ಬರನ್ನು ನೋಡಿದ್ದೀರಾ? ನಿಮ್ಮ ಪಟ್ಟಿಯಲ್ಲಿ ಅದೊಂದು ಬಿಟ್ಟುಹೋಗಿದೆ.

ಕೊಳವೆಬಾವಿಯ ಗಡಸು ನೀರನ್ನು ಮಾತ್ರ ಯಾರೂ ಹಾಕಬೇಡಿ. ಅದರ ಸುಣ್ಣದಂಶ ಬಿಸಿ ಗೋಡೆಗೆ ಹತ್ತಿಕೊಳ್ಳುತ್ತದೆ. ಬ್ಯಾಟರಿಗೆ ಹಾಕುವ ನೀರು ತಂದು ಕೂಲಂಟಿಗೆ ಬೆರೆಸಿ.

ನಾಪೋಕ್ಲು ತೋಟದವ:
ಒಂದು ವಾರ ಉತ್ತರಿಸಲಾಗಲಿಲ್ಲ, ಕ್ಷಮಿಸಿ. ಮುಚ್ಚಳದ ರಬ್ಬರ್ ಒಡೆದು ಹೋಗಿತ್ತು, ಮೇಷ್ಟ್ರಿಗೆ ವಂದನೆಗಳು. ಈಗ ಕೆಲಸದ ವರದಿ.

ಪಕ್ಕದ ಪ್ಲಗ್ಗುಗಳು ಸ್ಪ್ಯಾನರ್ ಅಣ್ಣ ಹೇಳಿದಂತೆಯೇ ತಿರುಗಿ ಬಂದವು. ಒಂದು ಮಾತ್ರ ಬೆರಳಿನಿಂದ ಒತ್ತಿದರೆ ತೂತಾಗುವ ಸ್ಥಿತಿಯಲ್ಲಿತ್ತು. ಮುಂದಿನ ರಂಧ್ರದಲ್ಲಿ ಸಿಲಿಂಡರಿನ ಗೋಡೆ ಕಾಣುತ್ತಿತ್ತು. ಹಿಂದಿನ ರಂಧ್ರ ತೆರೆದಾಗ ರಂಧ್ರವೇ ಕಾಣಲಿಲ್ಲ. ಕಂದು ಬಣ್ಣದ ಗೋಡೆಯೊಂದು ಎದುರಿಗೆ ನಿಂತಿತ್ತು. ಕೇಬಲ್ ಕುಂಚದಿಂದ ಕೆರೆದು, ಸ್ಪ್ರೇಯರಿನಿಂದ ಹೊಡೆದು, ಮತ್ತೆ ಕೆರೆದು ಮೂರು ಸಂಜೆ ಕಳೆದೆ. ಬಂದದ್ದನ್ನು ಬಟ್ಟೆಯಲ್ಲಿ ಸೋಸಿ ಒಣಗಿಸಿದರೆ ಒಂದು ಲೀಟರ್ ಐಸ್‌ಕ್ರೀಮ್ ಡಬ್ಬಿಯಲ್ಲಿ ಮುಕ್ಕಾಲು ಭಾಗ ತುಂಬಿತು. ಅದರಲ್ಲಿ ಅಯಸ್ಕಾಂತಕ್ಕೆ ಅಂಟುವ ಕಪ್ಪು ಚಕ್ಕೆ, ಅಂಟದ ಕೆಂಪು ಪುಡಿ, ಸ್ವಲ್ಪ ಮರಳು, ಒಂದು ಮುರಿದ ತಂತಿಯ ತುಂಡು ಇದ್ದವು. ನನಗಿಂತ ಮೊದಲೇ ಯಾರೋ ತಿವಿದು ಸೋತಿದ್ದಾರೆ. ತಂದೆಯವರೇ ಇರಬೇಕು ಎಂದುಕೊಂಡೆ.

ಆಮೇಲೆ ಹೊಸ ಹಿತ್ತಾಳೆ ಪ್ಲಗ್ಗುಗಳನ್ನು ಕೂರಿಸಿ, ಬಿಚ್ಚಿಟ್ಟಿದ್ದ ಹಳೆಯ ವಾಟರ್ ಪಂಪನ್ನೇ ತಾತ್ಕಾಲಿಕವಾಗಿ ಕಟ್ಟಿದೆ. ಆಮ್ಲ ಕುಡಿದರೂ ಅದಕ್ಕೆ ನಷ್ಟವಿಲ್ಲ. ಅದರ ಹೋಸಿನ ಬಾಯಿಗೆ ಮರದ ಬೆಣೆ ಹೊಡೆದೆ. ಬಚ್ಚಲ ಹಂಡೆಯ ಬಿಸಿನೀರನ್ನು ಪ್ಲಾಸ್ಟಿಕ್ ಬಕೆಟಿಗೆ ತೋಡಿ, ನಿಂಬೆ ಉಪ್ಪು ಕರಗಿಸಿ, ಬಕೆಟನ್ನು ಶೆಡ್ಡಿನ ಅಡ್ಡಪಟ್ಟಿಗೆ ನೇತುಹಾಕಿ, ಥರ್ಮೋಸ್ಟಾಟಿನ ಬಾಯಿಗೆ ಹೋಸ್ ಇಳಿಸಿದೆ. ಕೆಳಗೆ ಡ್ರೈನ್ ಕಾಕ್‌ನಿಂದ ಇನ್ನೊಂದು ಬಕೆಟಿಗೆ ಸಣ್ಣಗೆ ಹರಿಯಬಿಟ್ಟೆ. ತುಂಬಿದ ಬಕೆಟ್ ಮೇಲಕ್ಕೆ, ಖಾಲಿಯಾದದ್ದು ಕೆಳಕ್ಕೆ. ಪಂಪ್ ಬೇಕಾಗಲಿಲ್ಲ, ಭುಜ ಮಾತ್ರ ಬೇಕಾಯಿತು. ಮೊದಲ ಸುತ್ತಿನ ದ್ರಾವಣ ಅರ್ಧ ಗಂಟೆಯಲ್ಲೇ ಕಡು ಕಂದು, ಎರಡನೆಯದು ನಾಲ್ಕು ಗಂಟೆಯ ನಂತರವೂ ತಿಳಿ ಹಳದಿ. ಅಲ್ಲಿಗೆ ನಿಲ್ಲಿಸಿ, ಸೋಡಾ, ನೀರು, ಮತ್ತೆ ನೀರು ಹರಿಸಿ, ಹೊಸ ಪಂಪ್, ಥರ್ಮೋಸ್ಟಾಟ್, ಹೊಸ ಮುಚ್ಚಳ ಹಾಕಿ, ಅದೇ ಸಂಜೆ ಅರ್ಧ ಕೂಲಂಟ್ ಅರ್ಧ ಬ್ಯಾಟರಿ ನೀರು ತುಂಬಿದೆ.

ಮಂದಲಪಟ್ಟಿ ಡ್ರೈವರ್:
ಸಂಪಾಜೆ ಏರಿನ ಕತೆ ಏನಾಯಿತು, ಅದನ್ನು ಮೊದಲು ಹೇಳಿ.

ನಾಪೋಕ್ಲು ತೋಟದವ:
ಭಾನುವಾರ ಹೋಗಿ ಬಂದೆ. ಕೊಯನಾಡಿನಲ್ಲಿ ಮುಳ್ಳು ನಡುವಿಗಿಂತ ಸ್ವಲ್ಪ ಮೇಲೆ ಬಂತು, ಜೋಡುಪಾಲದಲ್ಲಿ ಅಲ್ಲೇ ನಿಂತಿತು, ಮದೆನಾಡು ದಾಟಿ ಮಡಿಕೇರಿ ತಲುಪುವವರೆಗೂ ಕದಲಲಿಲ್ಲ. ಗನ್ ಹಿಡಿದಾಗ ಮೊದಲ ಮತ್ತು ನಾಲ್ಕನೆಯ ಸಿಲಿಂಡರುಗಳ ಪಕ್ಕದ ಅಂತರ ಈಗ 5 ಡಿಗ್ರಿ.

ಬೆಂಗಳೂರು ಸೇರಿದ ಕೊಡಗಿನವ:
ಮುಚ್ಚಳ ಬದಲಾಯಿಸಿದ್ದರಿಂದಲೇ ಸರಿಹೋಗಿರಬಹುದು ಎಂದು ಹೇಳಿದರೆ ಎಲ್ಲರೂ ನನ್ನ ಮೇಲೆ ಬೀಳುತ್ತೀರಿ, ಆದರೂ ಹೇಳುತ್ತೇನೆ.

ಹಳೇ ಸ್ಪ್ಯಾನರ್, ಸುಂಟಿಕೊಪ್ಪ:
ಮುಚ್ಚಳದಿಂದ ಕುದಿಯುವುದು ನಿಲ್ಲುತ್ತದೆ. ನಾಲ್ಕನೆಯ ಸಿಲಿಂಡರಿನ ಪಕ್ಕದಲ್ಲಿ 15 ಡಿಗ್ರಿ ಇಳಿಯುವುದು ಮುಚ್ಚಳದಿಂದ ಆಗುವುದಿಲ್ಲ.

ನಾಪೋಕ್ಲು ತೋಟದವ:
ಒಂದು ತೊಡಕು ಉಳಿದಿದೆ. ನಿನ್ನೆಯಿಂದ ಗೇರ್‌ಬಾಕ್ಸ್ ಕವಚದ ತಳದಲ್ಲಿ ಹಸಿರು ಹನಿ ಕಾಣುತ್ತಿದೆ. ರಾತ್ರಿಗೆ ನಾಲ್ಕೈದು ಹನಿ. ನಾಯಿ ಮುಟ್ಟದಂತೆ ಕೆಳಗೆ ತಟ್ಟೆ ಇಟ್ಟು ಹಲಗೆ ಮುಚ್ಚಿದ್ದೇನೆ.

ಹಳೇ ಸ್ಪ್ಯಾನರ್, ಸುಂಟಿಕೊಪ್ಪ:
ಅದು ಗೇರ್‌ಬಾಕ್ಸಿನ ಮಗ್ಗುಲಲ್ಲಿರುವ ಆ ಪ್ಲಗ್. ಇಷ್ಟು ದಿನ ಅದರ ತೂತನ್ನು ತುಕ್ಕೇ ಮುಚ್ಚಿತ್ತು, ನೀವು ತುಕ್ಕು ತೆಗೆದಿರಿ. ಅರಶಿನ ಹಾಕಲು ಹೋಗಬೇಡಿ. ಮಳೆ ಹಿಡಿಯುವ ಮೊದಲು ಗೇರ್‌ಬಾಕ್ಸ್ ಇಳಿಸೋಣ, ಹೇಗೂ ಕ್ಲಚ್ ಪ್ಲೇಟನ್ನೂ ನೋಡಿದಂತಾಗುತ್ತದೆ. ಮುಂದಿನ ಭಾನುವಾರ ನಾನೇ ಬರುತ್ತೇನೆ, ಜ್ಯಾಕ್ ಎರಡು ಇರಲಿ.

ಸೋಮವಾರಪೇಟೆ ಅಕ್ಕ:
ತೋಟದವರೇ, ಅಣ್ಣ ಬರುವ ದಿನಕ್ಕೆ ಕಾಚಂಪುಳಿಯನ್ನು ಅಡುಗೆಮನೆಯಲ್ಲೇ ಬಳಸಿ.